ತೀರ್ಥದ ಬೈಕಿನ ಏರ್ ಫಿಲ್ಟರಿಗೆ ಮಡಿಯಿಂದ ವಿನಾಯಿತಿ

ತೀರ್ಥ ಸಾಗಣಾ ವಿಭಾಗ, ಆದವಾನಿ

ಸುತ್ತೋಲೆ ಸಂಖ್ಯೆ: ತೀಸಾವಿ/ವಾಯು/4
ದಿನಾಂಕ: ಮಾರ್ಗಶಿರ ಬಹುಳ ಷಷ್ಠಿ, ರಾಹುಕಾಲ ಕಳೆದ ಮೇಲೆ

ವಿಷಯ: ವಿಭಾಗದ ಏಕಮಾತ್ರ ಸಾಹಸ ಬೈಕಿನ ಏರ್ ಫಿಲ್ಟರನ್ನು ಆರಿಸುವ, ತೊಳೆಯುವ, ಒಣಗಿಸುವ, ಎಣ್ಣೆ ಹಚ್ಚುವ ಹಾಗೂ ಅದಕ್ಕೆ ಮಡಿವಸ್ತ್ರ ಸುತ್ತದಿರುವ ಬಗ್ಗೆ.

ಉಲ್ಲೇಖ:
(ಅ) ಸುತ್ತೋಲೆ ತೀಸಾವಿ/ವಾಯು/1: ಹತ್ತಿಯ ಫಿಲ್ಟರ್. ರದ್ದಾಗಿದೆ.
(ಆ) ಸುತ್ತೋಲೆ ತೀಸಾವಿ/ವಾಯು/2: ಶೇಂಗಾ ಎಣ್ಣೆ. ರದ್ದಾಗಿದೆ, ವಾಸನೆ ಇನ್ನೂ ರದ್ದಾಗಿಲ್ಲ.
(ಇ) ಸುತ್ತೋಲೆ ತೀಸಾವಿ/ವಾಯು/3: ಒದ್ದೆ ಮಡಿವಸ್ತ್ರ. ಈ ಸುತ್ತೋಲೆಯಿಂದ ರದ್ದಾಗುತ್ತಿದೆ.
(ಈ) ಮೆಕ್ಯಾನಿಕ್ ಹುಸೇನಮ್ಮನವರ ಮೌಖಿಕ ಅಭಿಪ್ರಾಯ. ಇದರಲ್ಲಿ ಕಡತಕ್ಕೆ ಸೇರಿಸಬಹುದಾದ ಭಾಗವನ್ನು ಮಾತ್ರ ಕೆಳಗೆ ಸೇರಿಸಲಾಗಿದೆ.

ಪ್ರಸ್ತಾವನೆ:

ಹೊಳಗುಂದದ ಶ್ರೀಮತಿ ಪ್ರೇಮಾಬಾಯಿಯವರು, ವಯಸ್ಸು ಎಂಬತ್ತನಾಲ್ಕು, ಪ್ರತಿ ಏಕಾದಶಿಯಂದು ನೀರನ್ನೂ ಮುಟ್ಟದೆ ಉಪವಾಸವಿದ್ದು, ಮರುದಿನ ದ್ವಾದಶಿಯ ಬೆಳಿಗ್ಗೆ ಆದವಾನಿಯ ತೀರ್ಥವನ್ನು ತೆಗೆದುಕೊಂಡ ನಂತರವೇ ಪಾರಣೆ ಮಾಡುವ ನಿಯಮವನ್ನು ಅರವತ್ತೊಂದು ವರ್ಷಗಳಿಂದ ಪಾಲಿಸಿಕೊಂಡು ಬಂದಿರುತ್ತಾರೆ. ಹಿಂದೆ ತೀರ್ಥವು ಮುಂಜಾನೆಯ ಬಸ್ಸಿನಲ್ಲಿ ಹೋಗುತ್ತಿತ್ತು. ಬಸ್ಸಿನ ವೇಳೆ ಬದಲಾದಾಗ, ಹತ್ತಿ ವ್ಯಾಪಾರಿ ಶ್ರೀ ಚಂದ್ರಣ್ಣನವರು, ತಮ್ಮ ಮಗ ಸೋಮೇಶನು ಹಿಮಾಲಯಕ್ಕೆ ಹೋಗುವೆನೆಂದು ಕೊಂಡು ಪಕ್ಕದ ಉರುಕುಂದದವರೆಗೆ ಹೋಗಿ ಬಂದು ನಿಲ್ಲಿಸಿದ್ದ ಸಾಹಸ ಬೈಕನ್ನು ವಿಭಾಗಕ್ಕೆ ದಾನ ಮಾಡಿರುತ್ತಾರೆ. ತೀರ್ಥವಾಹಕ ಶ್ರೀ ಹನುಮಂತನವರು ಅದನ್ನು ಓಡಿಸುತ್ತಾರೆ.

ತಿಥಿ ಬೇಗ ಮುಗಿಯುವ ದ್ವಾದಶಿಗಳಲ್ಲಿ ಪಾರಣೆಗೆ ಮುಕ್ಕಾಲು ಗಂಟೆಯೂ ದೊರೆಯುವುದಿಲ್ಲ. ಆ ಅವಧಿಯೊಳಗೆ ತೀರ್ಥ ಬಾರದಿದ್ದರೆ ಅಂದೂ ಉಪವಾಸವೇ ಎಂಬುದು ಪ್ರೇಮಾಬಾಯಿಯವರ ಹಟ. ಎರಡನೆಯ ದಿನದ ಉಪವಾಸವನ್ನು ಈ ದೇಹ ತಾಳಲಾರದು ಎಂಬುದು ವೈದ್ಯರ ಹೇಳಿಕೆ. ಈ ಹಟಕ್ಕೂ ಆ ಹೇಳಿಕೆಗೂ ನಡುವೆ ವಿಭಾಗದ ಬೈಕು ಓಡತಕ್ಕದ್ದಾಗಿದೆ.

ಇದು ಹತ್ತಿಯ ಕಾಲ. ಜಿನ್ನಿಂಗ್ ಮಿಲ್ಲುಗಳ ಮುಂದೆ ಎಳೆಗಳು ತೇಲುತ್ತಿರುತ್ತವೆ. ಊರು ದಾಟಿದರೆ ಎರೆಮಣ್ಣಿನ ಧೂಳು. ಎಂಜಿನ್ನು ಒಳಗೆಳೆದುಕೊಳ್ಳುವ ಗಾಳಿಯಿಂದ ಇವುಗಳನ್ನು ತಡೆದು ನಿಲ್ಲಿಸುವುದೇ ಏರ್ ಫಿಲ್ಟರ್. ಇದನ್ನು ‘ವಾಯುಶೋಧಕ’ ಎಂದೇ ಕರೆಯಬೇಕೆಂಬ ಹಿಂದಿನ ಆದೇಶವನ್ನು, ಆ ಹೆಸರು ಹೇಳಿದರೆ ಯಾವ ಅಂಗಡಿಯಲ್ಲಿಯೂ ದೊರೆಯದ ಕಾರಣ, ವಿಷಾದದಿಂದ ಹಿಂಪಡೆಯಲಾಗಿದೆ.

ಮೇಲ್ಕಂಡ ಸಂಗತಿಗಳನ್ನು ಕೂಲಂಕಷವಾಗಿ ಪರಿಶೀಲಿಸಿ, ಕೆಳಗಿನಂತೆ ಗೊತ್ತುಪಡಿಸಲಾಗಿದೆ:

1. ಊರಿನ ಅನ್ನ ಹತ್ತಿಯಿಂದ ಬರುತ್ತಿರುವಾಗ ಬೈಕಿನ ಉಸಿರೂ ಹತ್ತಿಯಿಂದಲೇ ಬರಲಿ ಎಂಬ ಸದಾಶಯದಿಂದ ಮೊದಲು ಹತ್ತಿಯ ಫಿಲ್ಟರನ್ನು ಕೊಳ್ಳಲಾಗಿತ್ತು. ಪರಿಶೀಲನೆಗೆ ಆಹ್ವಾನಿತರಾದ ಶ್ರೀ ಚಂದ್ರಣ್ಣನವರು, ಮಾರ್ಕೆಟ್ ಯಾರ್ಡಿನ ಪದ್ಧತಿಯಂತೆ, ಅದರಿಂದ ಒಂದು ಚಿಟಿಕೆ ಹತ್ತಿಯನ್ನು ಕಿತ್ತು, ಎರಡು ಹೆಬ್ಬೆರಳುಗಳ ನಡುವೆ ಎಳೆದು, ಎಳೆಯ ಉದ್ದ ನೋಡಿದರು. ಮೇಲೆ, ನಡುವೆ, ತಳದಲ್ಲಿ, ಮೂರೂ ಕಡೆ ನೋಡದೆ ಮಾಲಿಗೆ ದರ್ಜೆ ಹೇಳುವುದು ಧರ್ಮವಲ್ಲವೆಂದು ಇನ್ನೂ ಐದು ಚಿಟಿಕೆ ಕಿತ್ತರು. ಕೊನೆಗೆ “ಎಳಿ ಗಿಡ್ಡ ಐತ್ರಿ. ಇದನ್ನ ನಾ ಆದ್ರ ದಿಂಬಿಗೂ ಹಾಕ್ಸಂಗಿಲ್ಲ” ಎಂದು ತೀರ್ಪಿತ್ತರು. ಆಗ ಆ ಫಿಲ್ಟರಿನ ಮೂಲಕ ಜೋಳದ ಕಾಳು ನಿರಾಯಾಸವಾಗಿ ಹಾದುಹೋಗುತ್ತಿದ್ದುದು ಕಂಡುಬಂದಿದೆ. ಆದ್ದರಿಂದ ಏರ್ ಫಿಲ್ಟರನ್ನು ಹಿಂಜಿ ಪರೀಕ್ಷಿಸುವುದನ್ನು ನಿಷೇಧಿಸಲಾಗಿದೆ. ಈ ನಿಷೇಧ ದಾನಿಗಳಿಗೂ ಅನ್ವಯಿಸುತ್ತದೆ.

2. ಕಾಗದದ ಫಿಲ್ಟರನ್ನು ತೊಳೆಯುವಂತಿಲ್ಲ. ಕೊಡವಬಹುದು, ಕೆಟ್ಟಾಗ ಹೊಸದು ಹಾಕಬಹುದು, ಅಷ್ಟೇ. ತೊಳೆಯಲಾಗದ ವಸ್ತುವನ್ನು ತೀರ್ಥದ ವಾಹನದಲ್ಲಿ ಇಡುವುದೆಂತು ಎಂಬ ಪ್ರಶ್ನೆ ಎದ್ದಿತು. ಪಂಚಾಂಗವೂ ಕಾಗದವೇ, ಅದನ್ನು ಯಾರು ತೊಳೆಯುತ್ತಾರೆ ಎಂದು ಪೂರ್ವಪಕ್ಷ. ಪಂಚಾಂಗವು ಧೂಳು ಕುಡಿಯುವುದಿಲ್ಲ ಎಂದು ಸಿದ್ಧಾಂತ. ಹೀಗೆ ಎರಡು ಸಭೆಗಳ ನಂತರ, ತೊಳೆದು ಮತ್ತೆ ಬಳಸಬಹುದಾದ ಸ್ಪಂಜಿನ ಫಿಲ್ಟರನ್ನೇ ಅಂಗೀಕರಿಸಲಾಗಿದೆ. ಹುಸೇನಮ್ಮನವರು ಇದನ್ನು ಮೊದಲ ದಿನವೇ ಹೇಳಿದ್ದರೆಂಬುದನ್ನು ಇಲ್ಲಿ ದಾಖಲಿಸಲು ಅವರೇ ಕೋರಿರುತ್ತಾರೆ. ದಾಖಲಿಸಲಾಗಿದೆ.

3. ಸ್ಪಂಜಿಗೆ ಎಣ್ಣೆ ಹಚ್ಚಬೇಕೆಂದು ಬೈಕಿನ ಕೈಪಿಡಿಯಲ್ಲಿದೆ. ಯಾವ ಎಣ್ಣೆಯೆಂದು ಪುಟ ತಿರುಗಿಸಿ ನೋಡದೆ, ಹೊಳಗುಂದದ ಗಾಣದ ಶೇಂಗಾ ಎಣ್ಣೆಯನ್ನು ಹಚ್ಚಲಾಗಿತ್ತು. ಎಂಜಿನ್ನು ಕಾದ ಮೇಲೆ ಬೈಕಿನಿಂದ ಮಿರ್ಚಿ ಬಜ್ಜಿಯ ಪರಿಮಳ ಹೊರಟು, ಏಕಾದಶಿಯಂದೇ ಉಪವಾಸಿಗಳ ಚಿತ್ತಕ್ಕೆ ಚಾಂಚಲ್ಯವುಂಟಾಗಿದೆ. ಕಚೇರಿಯ ಮುಂದೆ ನಿಲ್ಲಿಸಿದ್ದಾಗ ಇಬ್ಬರು ದರ ವಿಚಾರಿಸಿದ್ದಾರೆ. ಇನ್ನು ಮುಂದೆ ಫಿಲ್ಟರಿಗೆಂದೇ ಮಾರುವ ಎಣ್ಣೆಯನ್ನು ಮಾತ್ರ ಹಚ್ಚತಕ್ಕದ್ದು. ದೀಪದ ಎಣ್ಣೆ, ತಲೆಯ ಎಣ್ಣೆ, ಉಪ್ಪಿನಕಾಯಿಯ ಮೇಲೆ ತೇಲುವ ಎಣ್ಣೆಗಳಿಗೆ ಅವಕಾಶವಿಲ್ಲ.

4. ತೊಳೆಯುವ ಕ್ರಮ: ಸೋಪಿನ ನೀರಿನಲ್ಲಿ ನೆನೆಸಿ, ಮೃದುವಾಗಿ ಅದುಮಿ, ನೆರಳಿನಲ್ಲಿ ಒಣಗಿಸತಕ್ಕದ್ದು. ಪಂಚೆಯಂತೆ ಹಿಂಡಬಾರದು. ಕಲ್ಲಿಗೆ ಬಡಿಯಬಾರದು. ಸಂಕಲ್ಪ ಕಡ್ಡಾಯವಲ್ಲ, ಆದರೆ ದೇಶಕಾಲಗಳ ಉಚ್ಚಾರಣೆ ಮುಗಿಯುವಷ್ಟರಲ್ಲಿ ಸ್ಪಂಜು ಚೆನ್ನಾಗಿ ನೆನೆಯುತ್ತದೆಂಬುದು ಅನುಭವಸಿದ್ಧವಾದ್ದರಿಂದ ಹೇಳಿದರೆ ಅಡ್ಡಿಯಿಲ್ಲ. ಮಡಿಬಟ್ಟೆಯ ಗಳದ ಮೇಲೆ ಒಣಹಾಕುವುದನ್ನು ಮಾತ್ರ ನಿಲ್ಲಿಸಲಾಗಿದೆ. ಹಿಂದೆ ಹಾಗೆ ಒಣಹಾಕಿದಾಗ, ಸ್ನಾನವಾದವರಿಗೆ ಅದು ಏನೆಂದು ಗೊತ್ತಿಲ್ಲದೆ, ಗೊತ್ತಿದ್ದವರಿಗೆ ಸ್ನಾನವಾಗದೆ, ಅದು ನಾಲ್ಕು ದಿನ ಅಲ್ಲಿಯೇ ಇತ್ತು.

5. ಈಗ ಮುಖ್ಯ ವಿಷಯ. ಎಲ್ಲೆಲ್ಲಿಯದೋ ಎಳೆ, ಯಾರ್ಯಾರದೋ ಧೂಳು ತಾಗುವ ಫಿಲ್ಟರ್ ತೀರ್ಥದ ಗಿಂಡಿಗೆ ಎರಡು ಗೇಣು ಸಮೀಪದಲ್ಲಿ ಇರುವುದರಿಂದ, ಅದಕ್ಕೆ ಎರಡು ಮಡಿಕೆಯ ಮಡಿವಸ್ತ್ರವನ್ನು ಸುತ್ತಬೇಕೆಂದೂ, ಒದ್ದೆಮಡಿಯೇ ಶ್ರೇಷ್ಠವಾದ್ದರಿಂದ ಆ ವಸ್ತ್ರವನ್ನು ನೀರಿನಲ್ಲಿ ಅದ್ದಿಯೇ ಸುತ್ತಬೇಕೆಂದೂ, ಸ್ನಾನ ಮಾಡಿ ಮಡಿಯುಟ್ಟವರ ಹೊರತು ಯಾರೂ ಅದನ್ನು ಮುಟ್ಟಬಾರದೆಂದೂ ಮೂರನೆಯ ಸುತ್ತೋಲೆಯಲ್ಲಿ ವಿಧಿಸಲಾಗಿತ್ತು. ಕರಡು ಓದಿ ಕೇಳಿಸಿದಾಗ ಸಭೆ ತಲೆದೂಗಿತ್ತು.

ಕಳೆದ ದ್ವಾದಶಿಯಂದು ಪಾರಣೆಯ ಅವಧಿ ಬೆಳಿಗ್ಗೆ 6.38ರಿಂದ 7.21ರವರೆಗೆ ಇತ್ತು. ಶ್ರೀ ಹನುಮಂತನವರು ಗಿಂಡಿಯನ್ನು ಕೊರಳಿಗೆ ಕಟ್ಟಿಕೊಂಡು ಸಕಾಲದಲ್ಲಿ ಹೊರಟರು. ದಾರಿಯುದ್ದಕ್ಕೂ ಎದುರಿನಿಂದ ಹತ್ತಿಯ ಲಾರಿಗಳು. ತೇಲಿಬಂದ ಎಳೆಯೂ ಎರೆಮಣ್ಣೂ ಒದ್ದೆ ವಸ್ತ್ರಕ್ಕೆ ಕಚ್ಚಿಕೊಂಡು, ಫಿಲ್ಟರಿನ ಮೇಲೆ ಒಂದು ಸಣ್ಣ ಹಾಸಿಗೆಯೇ ನಿರ್ಮಾಣವಾಯಿತು. ಗಾಳಿ ಸಾಲದೆ ಬೈಕು ಕೆಮ್ಮಿತು, ಮುಗ್ಗರಿಸಿತು, ಹೊಳಗುಂದ ಇನ್ನೂ ಒಂಬತ್ತು ಕಿಲೋಮೀಟರ್ ಇರುವಾಗ ಜೋಳದ ಹೊಲದ ಪಕ್ಕದಲ್ಲಿ ನಿಂತಿತು. ಸಮಯ 6.46. ಹೊಳಗುಂದದ ಕಡೆಗೆ ಹೋಗುವ ಯಾವ ವಾಹನವೂ ಇರಲಿಲ್ಲ.

6.48ಕ್ಕೆ ಅವರು ವಿಭಾಗಕ್ಕೆ ಫೋನ್ ಮಾಡಿ, ತಾವು ಪ್ಯಾಂಟು ಧರಿಸಿರುವಾಗ ವಸ್ತ್ರವನ್ನು ಮುಟ್ಟಬಹುದೇ ಎಂದು ಕೇಳಿದರು. ಈ ಕೆಳಗೆ ಸಹಿ ಮಾಡಿದವರು ಗ್ರಂಥ ನೋಡಿ ಹೇಳುವುದಾಗಿ ತಿಳಿಸಿ, ಗ್ರಂಥ ತೆರೆದರು. ಒಂಬತ್ತು ನಿಮಿಷಗಳ ಕಾಲ ಗ್ರಂಥ ನೋಡಲಾಯಿತು. ಅದರಲ್ಲಿ ದೋಣಿ, ಆನೆ, ಪಲ್ಲಕ್ಕಿಗಳ ವಿಚಾರವಿತ್ತು. ಅಷ್ಟರಲ್ಲಿ ಪ್ರೇಮಾಬಾಯಿಯವರ ಸೊಸೆ ಶ್ರೀಮತಿ ಸುಷಮಾ ಅವರು ಹೊಳಗುಂದದಿಂದ ಮೂರು ಬಾರಿ ಫೋನ್ ಮಾಡಿ, ಅತ್ತೆಯವರು ದೇವರ ಮನೆಯ ಕಂಬಕ್ಕೆ ಒರಗಿ ಕುಳಿತಿದ್ದಾರೆಂದೂ, ಕರೆದರೆ ಕಣ್ಣು ಮಾತ್ರ ತೆರೆಯುತ್ತಾರೆಂದೂ ತಿಳಿಸಿದರು.

6.57ಕ್ಕೆ ಶ್ರೀ ಹನುಮಂತನವರು, ಪೆಟ್ರೋಲ್ ಟ್ಯಾಂಕಿನ ಮೇಲೆ ಬರೆದಿದ್ದ ಸಂಖ್ಯೆ ನೋಡಿ, ಹುಸೇನಮ್ಮನವರಿಗೆ ಫೋನ್ ಮಾಡಿದರು. ಸ್ಥಿತಿಗತಿ ಕೇಳಿದ ಹುಸೇನಮ್ಮನವರ ಉತ್ತರದಿಂದ ಮುಂದಿನ ಸಂಭಾಷಣೆಯನ್ನು, ಮುಂದಿನವರ ಮಾರ್ಗದರ್ಶನಕ್ಕಾಗಿ, ಇದ್ದಂತೆಯೇ ದಾಖಲಿಸಲಾಗಿದೆ:

“ಆಚಾರ್ರ, ಅಲ್ಲಿ ಅಮ್ಮ ನೀರು ಕುಡ್ದಿಲ್ಲ, ಇಲ್ಲಿ ನಿಮ್ಮ ಗಾಡಿ ಗಾಳಿ ಕುಡ್ದಿಲ್ಲ. ಇಬ್ಬರ್ದೂ ಉಪಾಸ ಐತಿ. ಮೊದಲ ಗಾಡೀದು ಪಾರಣಿ ಆಗ್ಲಿ. ಆ ಅರವಿ ತೆಗ್ದು ಅತ್ತಾಗ ಒಗೀರಿ.”

“ಮಡಿ ಅರವಿ ಅಮ್ಮಾ ಅದು. ನಾ ಮುಟ್ಟೋ ಹಂಗಿಲ್ಲ.”

“ಮುಟ್ಟಬ್ಯಾಡ್ರಿ. ಸೀಟಿನ ಕೆಳಗ ಸ್ಕ್ರೂಡ್ರೈವರ್ ಐತಲ್ಲ, ಅದರ್ಲೆ ಎತ್ರಿ.”

ಎತ್ತಲಾಯಿತು. ಒಳಗಿನ ಸ್ಪಂಜು ಸುಸ್ಥಿತಿಯಲ್ಲಿತ್ತು. ಅದನ್ನು ಹಾಗೆಯೇ ಬಿಟ್ಟು ಮುಚ್ಚಳ ಹಾಕಲಾಯಿತು. 7.03ಕ್ಕೆ ಬೈಕು ಒಂದೇ ಸಲಕ್ಕೆ ಚಾಲೂ ಆಯಿತು. 7.16ಕ್ಕೆ ಹೊಳಗುಂದ. ಸುಷಮಾ ಅವರು ಬಾಗಿಲಲ್ಲಿಯೇ ತೀರ್ಥ ಹಾಕುವ ಉದ್ಧರಣೆ ಹಿಡಿದು ನಿಂತಿದ್ದರು. 7.17ಕ್ಕೆ ಪ್ರೇಮಾಬಾಯಿಯವರು ತೀರ್ಥ ತೆಗೆದುಕೊಂಡರು. ನಾಲ್ಕು ನಿಮಿಷ ಉಳಿದಿತ್ತು.

6. ಅಗಸೆ ಸೊಪ್ಪಿನ ಪಲ್ಯವೂ ನೆಲ್ಲಿಕಾಯಿಯೂ ಹೊಟ್ಟೆಗೆ ಬಿದ್ದು ಧ್ವನಿ ಮರಳಿದ ಮೇಲೆ, ಪ್ರೇಮಾಬಾಯಿಯವರು ವಿಳಂಬದ ಕಾರಣ ಕೇಳಿದರು. ಶ್ರೀ ಹನುಮಂತನವರು ಮೂರನೆಯ ಸುತ್ತೋಲೆಯನ್ನು ಪೂರ್ತಿ ಓದಿ ಹೇಳಿದರು. ಅದನ್ನು ಕೇಳಿ ಪ್ರೇಮಾಬಾಯಿಯವರ ಅಭಿಪ್ರಾಯ: “ಹನುಮಂತಾ, ಪ್ರಾಣದೇವ್ರಿಗೇ ಮಡಿ ಕಲಿಸ್ಲಿಕ್ಕೆ ಹೊಂಟಾರೇನಪಾ ನಿಮ್ಮ ಆಫೀಸ್ನವ್ರು? ಗಾಳಿಗೆ ಎಲ್ಲಿ ಮೈಲಿಗಿ? ನಾ ಹಸಕೊಂಡು ಕೂತಿದ್ದು ದೇವ್ರಿಗೆ, ನಿಮ್ಮ ಅರವಿಗಲ್ಲ.”

7. ಸದರಿ ಅಭಿಪ್ರಾಯವನ್ನು ಶಾಸ್ತ್ರದೊಂದಿಗೆ ಹೋಲಿಸಿ ನೋಡಲಾಗಿ, ಅದು ಸರಿಯಾಗಿಯೇ ಇರುವುದು ಕಂಡುಬಂದಿದೆ. ಸಕಲವನ್ನೂ ಪಾವನಗೊಳಿಸುವವನು ಪ್ರಾಣದೇವನಾದ ವಾಯು. ಅವನನ್ನು ಪಾವನಗೊಳಿಸುವ ಅಧಿಕಾರ ಈ ವಿಭಾಗಕ್ಕೆ ಇರುವುದಿಲ್ಲ. ಏರ್ ಫಿಲ್ಟರ್ ತಡೆಯುವುದು ಗಾಳಿಯನ್ನಲ್ಲ, ಗಾಳಿಯ ಜೊತೆ ಟಿಕೆಟ್ಟಿಲ್ಲದೆ ಬರುವವರನ್ನು. ಆದ್ದರಿಂದ ಏರ್ ಫಿಲ್ಟರನ್ನು ಮಡಿಯಿಂದ ಶಾಶ್ವತವಾಗಿ ವಿಮುಕ್ತಗೊಳಿಸಲಾಗಿದೆ. ಅದನ್ನು ಪ್ಯಾಂಟು ಧರಿಸಿದವರೂ ಮುಟ್ಟಬಹುದು. ಮೆಕ್ಯಾನಿಕರು ಯಾವ ಉಡುಪಿನಲ್ಲಿದ್ದರೂ ಮುಟ್ಟಬಹುದು. ಮಡಿವಸ್ತ್ರವನ್ನು ಸ್ಕ್ರೂಡ್ರೈವರಿನಿಂದ ಎತ್ತಿದರೆ ಮುಟ್ಟಿದಂತಾಗುತ್ತದೆಯೇ ಎಂಬುದರ ಚರ್ಚೆ ಮುಂದುವರಿದಿದ್ದು, ಅದು ಮುಗಿಯುವವರೆಗೆ ಬೈಕು ಕಾಯತಕ್ಕದ್ದಲ್ಲ.

8. ಹತ್ತಿಯ ಕಾಲ ಮುಗಿಯುವವರೆಗೆ, ಪ್ರತಿ ದಶಮಿಯಂದು ಫಿಲ್ಟರನ್ನು ಹೊರತೆಗೆದು ನೋಡಿ, ತೊಳೆದು ಎಣ್ಣೆ ಹಚ್ಚಿಟ್ಟ ಇನ್ನೊಂದನ್ನು ಹಾಕತಕ್ಕದ್ದು. ಒಂದು ಒಣಗುತ್ತಿದೆಯೆಂದು ಫಿಲ್ಟರಿನ ಡಬ್ಬಿಯನ್ನು ಖಾಲಿ ಬಿಟ್ಟು ಬೈಕು ಓಡಿಸಬಾರದು. ಈ ವಿಷಯದಲ್ಲಿ ಹುಸೇನಮ್ಮನವರ ಮಾತೇ ಅಂತಿಮ. ಅವರ ಮಾತಿನ ಮೇಲ್ಮನವಿಯನ್ನು ಅವರೇ ಕೇಳುತ್ತಾರೆ.

9. ಮುಂದಿನ ದ್ವಾದಶಿಗೆ ಆರು ದಿನಗಳಿದ್ದು, ಪಾರಣೆಯ ಅವಧಿ ಮೂವತ್ತೊಂಬತ್ತು ನಿಮಿಷ ಮಾತ್ರ. ಈವರೆಗೆ ಏಕಾದಶಿಯಂದು ವಾತಪ್ರಕೃತಿಯ ಕಾರಣ ಹೇಳಿ ಎರಡು ಲೋಟ ಕಾಫಿಗೆ ತಮಗೆ ತಾವೇ ವಿನಾಯಿತಿ ಕೊಟ್ಟುಕೊಂಡಿದ್ದ ವಿಭಾಗಾಧಿಕಾರಿಯು, ಈ ಬಾರಿ ನೀರನ್ನೂ ಮುಟ್ಟದೆ ಉಪವಾಸವಿದ್ದು, ಬೈಕಿನ ಹಿಂದಿನ ಸೀಟಿನಲ್ಲಿ ಹೆಚ್ಚುವರಿ ಫಿಲ್ಟರನ್ನು ಹಿಡಿದು ಹೊಳಗುಂದಕ್ಕೆ ಹೋಗತಕ್ಕದ್ದು. ಪ್ರೇಮಾಬಾಯಿಯವರು ತೀರ್ಥ ತೆಗೆದುಕೊಂಡ ನಂತರವೇ ಅಧಿಕಾರಿಗೆ ತೀರ್ಥ. ಗ್ರಂಥವನ್ನು ಜೊತೆಯಲ್ಲಿ ಒಯ್ಯುವಂತಿಲ್ಲ.

ಈ ಸುತ್ತೋಲೆಯು ಬೈಕು ಚಾಲೂ ಆದ ಕ್ಷಣದಿಂದ ಜಾರಿಗೆ ಬಂದಿರುತ್ತದೆ.

(ಸಹಿ)
ವಿಭಾಗಾಧಿಕಾರಿ
(ಸುತ್ತೋಲೆ 1, 2 ಮತ್ತು 3ರ ಕರ್ತೃವೂ ಇವರೇ)

ಪ್ರತಿಗಳು:
ಶ್ರೀ ಹನುಮಂತ, ತೀರ್ಥವಾಹಕರು: ಪಾಲನೆಗಾಗಿ. ದಾರಿಯಲ್ಲಿ ನಿಂತು ಓದಬಾರದು.
ಹುಸೇನಮ್ಮನವರಿಗೆ: ಗೌರವಪೂರ್ವಕವಾಗಿ. ಗ್ರೀಸು ಒರೆಸಲು ಅಂಚಿನ ಖಾಲಿ ಜಾಗವನ್ನು ಮಾತ್ರ ಬಳಸಲು ವಿನಂತಿ.
ಶ್ರೀ ಚಂದ್ರಣ್ಣನವರಿಗೆ: ಕಂಡಿಕೆ ಒಂದರ ಕಡೆಗೆ ಗಮನ ಸೆಳೆಯುತ್ತ.
ಮೇಲೆ ಸಹಿ ಮಾಡಿದವರಿಗೆ: ಅಡುಗೆಮನೆಯ ಕಾಫಿ ಡಬ್ಬಿಯ ಮೇಲೆ ಅಂಟಿಸಲು.
ಶ್ರೀಮತಿ ಪ್ರೇಮಾಬಾಯಿ, ಹೊಳಗುಂದ, ಇವರಿಗೆ: ಸೊಸೆ ಸುಷಮಾ ಅವರು ಓದಿ ಹೇಳತಕ್ಕದ್ದು. ಮೊದಲು ಊಟ.