ಹಸಿರು ಶಾಲಿನ ಕಳ್ಳಿ

ಜೇನುನೊಣ ಹಿಡಿಯುವ ಆ ಹಕ್ಕಿಯ ಹೆಸರು ಪತ್ತೆ ಮಾಡದೆ ಕಾಫಿ ಮುಟ್ಟುವುದಿಲ್ಲವೆಂದು ಕನ್ನಡಕದಂಗಡಿಯ ಮಾಲೀಕ ಭಾನುವಾರ ಬೆಳಗ್ಗೆ ಭೀಷ್ಮಪ್ರತಿಜ್ಞೆ ಮಾಡಿದ. ಊರಿಗೆಲ್ಲ ಕಣ್ಣು ಕೊಡುವವನ ಕಣ್ಣಿಗೇ ಒಂದು ಹಕ್ಕಿ ಮಣ್ಣೆರಚುವುದೆಂದರೇನು! ಕಾಡಿಗೆ ಅಂಟಿಕೊಂಡ ಮನೆ. ಹಿತ್ತಲಲ್ಲಿ ಹೆಂಡತಿ ಇಟ್ಟ ಎರಡು ಜೇನುಪೆಟ್ಟಿಗೆ. ಬಾಟಲಿಯ ಜೇನುತುಪ್ಪ ದಿನೇ ದಿನೇ ಇಳಿಯುತ್ತಿರುವುದೇಕೆಂದು ಅವಳು ಕೇಳಿದಾಗಲೆಲ್ಲ ಇವನು ತಂತಿಯ ಮೇಲಿನ ಹಕ್ಕಿಯತ್ತ ಬೆರಳು ತೋರಿಸುತ್ತಿದ್ದ. ಡಾಕ್ಟರು ಸಿಹಿ ಬಿಡಿಸಿ ವರ್ಷವಾಗಿತ್ತು. ಕದ್ದು ತಿನ್ನುವ ಸಂಗತಿ ತನಗೂ ಚಮಚಕ್ಕೂ ಬಿಟ್ಟರೆ ಯಾರಿಗೂ ಗೊತ್ತಿಲ್ಲವೆಂದು ಅವನ ಧೈರ್ಯ.

ಕಿಟಕಿಯ ಬಳಿ ನಿಂತು ಲೈಬ್ರರಿಯ ಗೆಳೆಯನಿಗೆ ಫೋನ್ ಮಾಡಿದ. ಹಸಿರು ಮೈ, ಕೆಂಗಂದು ತಲೆ, ಕಣ್ಣಿಗೆ ಕಪ್ಪು ಪಟ್ಟಿ, ಬಾಲದ ತುದಿಗೆ ಸೂಜಿಯಂಥ ಗರಿ ಎಂದೆಲ್ಲ ವರ್ಣಿಸಿದ. ಗೆಳೆಯ ಪುಸ್ತಕ ತಿರುವಿ ಅದು ಕಳ್ಳಿಪೀರ ಎಂದ. ಇವನಿಗೆ ಅರ್ಧ ಹೆಸರೇ ಸಾಕಾಯಿತು.

"ಕಳ್ಳಿ! ಸರಿಯಾದ ಹೆಸರು ಬಿಡು. ಹಸಿರು ಹೊದ್ಕೊಂಡು ಬೆಳಗ್ಗೆಯಿಂದ ಇಲ್ಲೇ ಕೂತಿದ್ದಾಳೆ. ಬಾಯಿಗೆ ಪುರುಸೊತ್ತೇ ಇಲ್ಲ."

ಹಿಂದೆ ಬಿಸ್ಕತ್ತಿನ ಡಬ್ಬಿ ಧೊಪ್ಪೆಂದು ಬಿತ್ತು. ತಿಂಗಳಿಂದ ಮಗಳ ಮನೆಯಲ್ಲೇ ಇದ್ದ ಅತ್ತೆ, ಹಸಿರು ಶಾಲು ಹೊದ್ದು ಬಿಸ್ಕತ್ತು ತಿನ್ನುತ್ತಿದ್ದವರು, ಮುಖ ಕೆಂಪಗೆ ಮಾಡಿಕೊಂಡು ಎದ್ದು ನಿಂತಿದ್ದರು! ಐದೇ ನಿಮಿಷದಲ್ಲಿ ಅವರ ಬ್ಯಾಗು ಬಾಗಿಲಿಗೆ ಬಂತು, ಟ್ಯಾಕ್ಸಿಗೂ ಫೋನ್ ಹೋಯಿತು. ಅದು ಹಕ್ಕಿಯ ಹೆಸರೆಂದು ಇವನು ಎಷ್ಟು ಗೋಗರೆದರೂ, ಅಂಥ ಹೆಸರನ್ನು ಯಾರೂ ಹಕ್ಕಿಗೆ ಇಡುವುದಿಲ್ಲವೆಂದು ಅವರ ವಾದ.

"ಅಮ್ಮ ಹೊರಟ್ರೆ ನಾನೂ ಹೊರಟೆ," ಎಂದಳು ಹೆಂಡತಿ. "ಎಲ್ಲಿ, ಆ ಹಕ್ಕಿ ತೋರ್ಸಿ ನೋಡೋಣ."

ಮೂವರೂ ಹಿತ್ತಲಿಗೆ ಓಡಿದರೆ ತಂತಿ ಖಾಲಿ! ಬಾಗಿಲಲ್ಲಿ ಟ್ಯಾಕ್ಸಿ ಹಾರ್ನ್ ಹೊಡೆಯಿತು. ಅಷ್ಟರಲ್ಲಿ ಕಾಡಿನಂಚಿನ ಮರದಿಂದ ಟ್ರೀ ಟ್ರೀ ಎನ್ನುತ್ತ ಹಾರಿಬಂದ ಹಕ್ಕಿ, ಗಾಳಿಯಲ್ಲೇ ನೊಣ ಹಿಡಿದು ತಂತಿಯ ಮೇಲೆ ಕೂತು, ಕೊಂಡಿ ಕಳಚುವವರೆಗೆ ಅದನ್ನು ಪಟಪಟ ಬಡಿದು ನುಂಗಿತು. ಅತ್ತೆ ಹಕ್ಕಿಯನ್ನೊಮ್ಮೆ, ತಮ್ಮ ಶಾಲನ್ನೊಮ್ಮೆ ನೋಡಿ ನಕ್ಕೇಬಿಟ್ಟರು. ಅವನಿಗೆ ಹೋದ ಜೀವ ಬಂದಂತಾಯಿತು. ಹೆಂಡತಿ ಟ್ಯಾಕ್ಸಿಯನ್ನು ವಾಪಸ್ಸು ಕಳಿಸಲು ಹೋದಳು.

ಅತ್ತೆ ಹತ್ತಿರ ಬಂದು ದನಿ ತಗ್ಗಿಸಿದರು.

"ಹಕ್ಕಿ ನೊಣ ತಿನ್ನುತ್ತೆ, ಒಪ್ಪಿದೆ. ಆದ್ರೆ ಅಳಿಯಂದ್ರೇ, ಇನ್ಮೇಲೆ ನೀವು ಜೇನು ತಿಂದಾದ್ಮೇಲೆ ಬಾಟಲಿ ಮುಚ್ಚಳ ಅಷ್ಟು ಬಿಗಿಯಾಗಿ ತಿರುಗಿಸ್ಬೇಡಿ. ನನ್ನ ಕೈಲಿ ತೆಗೆಯೋಕಾಗಲ್ಲ."