ಲೂಮೋ ದ್ವೀಪದ ರೋಗಿ ಸಂವರ್ಧನೆ

ಸಕ್ಕರೆ ಕಾಯಿಲೆಯನ್ನೂ ಬೊಜ್ಜನ್ನೂ ಹೋಗಲಾಡಿಸುವ ಘನ ಉದ್ದೇಶದಿಂದ ಡೆನ್ಮಾರ್ಕಿನ ಲೂಮೋ ದ್ವೀಪದಲ್ಲಿ ಸ್ಥಾಪನೆಯಾದ ಸಂಶೋಧನಾ ಕೇಂದ್ರವು, ಸದರಿ ಕಾಯಿಲೆಗಳು ನಿಜವಾಗಿಯೂ ಹೋಗತೊಡಗಿದ ಕಾರಣ, ತನ್ನ ಇತಿಹಾಸದಲ್ಲೇ ಕಂಡರಿಯದ ಬಿಕ್ಕಟ್ಟಿಗೆ ಸಿಲುಕಿತು. ಇದಕ್ಕೆ ಸಂಪೂರ್ಣ ಹೊಣೆ ಡಾ. ಸೋಲ್ವೈ ಥೋರುಪ್ ಎಂಬ ಸಂಶೋಧಕಿಯದು. ಅವಳೂ ಅದನ್ನು ಅಲ್ಲಗಳೆಯಲಿಲ್ಲ.

ಸೋಲ್ವೈ ತನ್ನ ಅರ್ಧ ಆಯುಷ್ಯವನ್ನು ಕರುಳಿನ ಒಂದೇ ಒಂದು ರಸದ ಬೆನ್ನು ಹತ್ತಿ ಕಳೆದವಳು. ಉಂಡಾದ ಮೇಲೆ 'ಇನ್ನು ಸಾಕು' ಎಂದು ಮಿದುಳಿಗೆ ಸುದ್ದಿ ಮುಟ್ಟಿಸುವುದು ಆ ರಸದ ಕೆಲಸ. ಕೆಲವರಲ್ಲಿ ಸುದ್ದಿ ತಡವಾಗಿ ಮುಟ್ಟುತ್ತದೆ. ಸೋಲ್ವೈಯ ತಾಯಿಯಲ್ಲಿ ಮುಟ್ಟಲೇ ಇಲ್ಲ. ಕಾಯಿಲೆ ಆಕೆಯ ಒಂದು ಕಾಲನ್ನು ತೆಗೆದುಕೊಂಡಿತು, ಆಮೇಲೆ ಕಣ್ಣುಗಳನ್ನು, ಕೊನೆಗೆ ಉಳಿದದ್ದನ್ನೂ. ಅಂತ್ಯಕ್ರಿಯೆಯ ನಂತರದ ಕಾಫಿಗೆ ಮೂರು ಬಗೆಯ ಕೇಕ್ ಇತ್ತು. ಸೋಲ್ವೈ ಅದನ್ನು ನೋಡುತ್ತ ಕೂತಿದ್ದಳು, ಮುಟ್ಟಲಿಲ್ಲ. ಮುಂದಿನ ವರ್ಷ ಕೋಪನ್‌ಹೇಗನ್ನಿನ ಪ್ರಯೋಗಾಲಯವೊಂದರಲ್ಲಿ ಇಲಿಗಳ ನಡುವೆ ಹೋಗಿ ಕೂತಳು.

ಆ ರಸದ ಕೆಲಸ ಮಾಡುವ ಔಷಧವೊಂದನ್ನು ಅವಳು ತಯಾರಿಸಿ ಚುಚ್ಚಿದಾಗ ಇಲಿಗಳು ತೆಳ್ಳಗಾದವು, ಅವಳು ಪ್ರಾಧ್ಯಾಪಕಿಯಾದಳು. ಆಮೇಲೆ ಹಂದಿಗಳೂ ತೆಳ್ಳಗಾದವು. ಹಂದಿ ಸಾಕುವವರ ಸಂಘ ತುರ್ತು ಸಭೆ ಕರೆದು ಅವಳ ವಿರುದ್ಧ ಖಂಡನಾ ನಿರ್ಣಯ ಅಂಗೀಕರಿಸಿತು. ಔಷಧ ಪರಿಣಾಮಕಾರಿ ಎಂಬುದಕ್ಕೆ ಅದೇ ಮೊದಲ ಅಧಿಕೃತ ಪುರಾವೆಯೆಂದು ಪರಿಗಣಿಸಿ, ಮನುಷ್ಯರ ಮೇಲೆ ಪ್ರಯೋಗಿಸಲು ಸರ್ಕಾರ ಅನುಮತಿ ಕೊಟ್ಟಿತು.

ಪ್ರಯೋಗಕ್ಕೆ ಲೂಮೋ ದ್ವೀಪವನ್ನು ಆರಿಸಿದ್ದಕ್ಕೆ ವೈಜ್ಞಾನಿಕ ಕಾರಣವಿತ್ತು. ಅಲ್ಲಿನ ದೋಣಿಗೆ ಇಷ್ಟು ಜನ ಮಾತ್ರ ಹತ್ತಬೇಕು ಎಂಬ ಫಲಕದ ಸಂಖ್ಯೆಯನ್ನು ಎರಡು ಬಾರಿ ಇಳಿಸಿ ಬರೆಯಲಾಗಿತ್ತು. ದೋಣಿ ಅದೇ, ಜನ ಬದಲಾಗಿದ್ದರು.

ದ್ವೀಪದವರು ಆ ಔಷಧವನ್ನು 'ಸಾಕು ಸೂಜಿ' ಎಂದು ಕರೆದರು. ವಾರಕ್ಕೊಂದು ಚುಚ್ಚಿಸಿಕೊಂಡರು. ಹುರಿದ ಹಂದಿಮಾಂಸದ ತಟ್ಟೆಯನ್ನು ಅರ್ಧಕ್ಕೇ ಪಕ್ಕಕ್ಕೆ ಸರಿಸುವ ದೃಶ್ಯ ಮೊದಮೊದಲು ಮನೆಗಳಲ್ಲಿ ಗಾಬರಿ ಹುಟ್ಟಿಸಿತು, ಕ್ರಮೇಣ ರೂಢಿಯಾಯಿತು. ದೋಣಿಯ ಕಪ್ತಾನ ಊಫೆ ಒಂದು ಬೆಳಿಗ್ಗೆ ಹೊಗೆಯಲ್ಲಿ ಬೇಯಿಸಿದ ಹಾವುಮೀನಿನ ಪೊಟ್ಟಣ ಹಿಡಿದು ಸೋಲ್ವೈಯ ಕೋಣೆಗೆ ನುಗ್ಗಿದ.

"ಡಾಕ್ಟ್ರೇ, ಇಲ್ನೋಡಿ. ನನ್ನ ಬೂಟು!"

"ಚೆನ್ನಾಗಿದೆ ಊಫೆ. ಹೊಸದಾ?"

"ಹಳೇದೇ ಕಣ್ರೀ! ಇವತ್ತು ನಾನೇ ಬಗ್ಗಿ ಲೇಸ್ ಕಟ್ಟಿದೆ. ಇಷ್ಟು ವರ್ಷ ಇದು ಯಾವ ಬಣ್ಣ ಅಂತ ಹೆಂಡ್ತೀನ ಕೇಳ್ಬೇಕಿತ್ತು. ಅವಳು ಯಾವಾಗ್ಲೂ ಕಪ್ಪು ಅಂತಿದ್ಳು. ಕಂದು ಕಣ್ರೀ, ಕಂದು!"

ಅವನು ಬೂಟು ಬಿಚ್ಚಿ ಪಾದ ತೋರಿಸಿದ. ಕತ್ತರಿಸಲೇಬೇಕೆಂದು ದೊಡ್ಡ ಆಸ್ಪತ್ರೆಯವರು ದಿನ ಗೊತ್ತು ಮಾಡಿದ್ದ ಪಾದ. ಹುಣ್ಣು ಮಾಯ್ದಿತ್ತು. ಸೋಲ್ವೈ ನೆಲಕ್ಕೆ ಮೊಣಕಾಲೂರಿ ಅದನ್ನು ಎರಡು ಕೈಯಲ್ಲೂ ಹಿಡಿದಳು. ಬೆಚ್ಚಗಿತ್ತು. ಪರೀಕ್ಷೆಗೆ ಬೇಕಾದ್ದಕ್ಕಿಂತ ಹೆಚ್ಚು ಹೊತ್ತು ಹಿಡಿದೇ ಇದ್ದಳು.

"ಕಚಗುಳಿ ಆಗ್ತಿದೆ," ಎಂದ ಊಫೆ.

"ಆಗ್ಲಿ. ಕಾಲಿಗೆ ಜೀವ ಬಂದಿದೆ ಅಂತ ಅರ್ಥ," ಎಂದಳು ಸೋಲ್ವೈ.

ಅದೇ ಮಧ್ಯಾಹ್ನ ಕೇಂದ್ರದ ನಿರ್ದೇಶಕ ಪ್ರೆಬೆನ್ ಅವಳನ್ನು ಕರೆಸಿದ. ಅವನ ಮುಖ ಬಿಳಿಚಿತ್ತು.

"ಏನ್ ಮಾಡ್ಬಿಟ್ಟೆ ಸೋಲ್ವೈ ನೀನು?"

"ಔಷಧ ಕೆಲಸ ಮಾಡ್ತಿದೆ."

"ಅದೇ ಮತ್ತೆ! ಕೆಲಸ ಮಾಡೋದಕ್ಕೂ ಒಂದು ಮಿತಿ ಬೇಡ್ವಾ?"

ವಿಷಯವೇನೆಂದರೆ, ಅನುದಾನದ ನಿಯಮಾವಳಿಯ ಪ್ರಕಾರ ಕೇಂದ್ರದ ವ್ಯಾಪ್ತಿಯಲ್ಲಿ ಕನಿಷ್ಠ ನೂರು ರೋಗಿಗಳು ಇರತಕ್ಕದ್ದು. ಇಲ್ಲವಾದಲ್ಲಿ ಆ ಪ್ರದೇಶಕ್ಕೆ ಸಂಶೋಧನೆಯ ಅಗತ್ಯವಿಲ್ಲವೆಂದು ಭಾವಿಸಿ ಕೇಂದ್ರವನ್ನು ಮುಚ್ಚತಕ್ಕದ್ದು. ಮುಚ್ಚಿದರೆ ಎರಡನೇ ಹಂತದ ಪ್ರಯೋಗವಿಲ್ಲ. ಅದಿಲ್ಲದೆ ಔಷಧಕ್ಕೆ ಮಾನ್ಯತೆಯಿಲ್ಲ. ಮಾನ್ಯತೆಯಿಲ್ಲದ ಔಷಧ ಲೋಕದಲ್ಲಿ ಯಾರಿಗೂ ಸಿಗುವುದಿಲ್ಲ. ಇನ್ನೊಂದು ನಿಯಮವೂ ಇತ್ತು: ರೋಗಿಗಳಿಗೆ ಮಾತ್ರ ಸೂಜಿ. ಊಫೆಯಂತಹ ಗುಣವಾದವರು ರೋಗಿಗಳಲ್ಲವಾದ್ದರಿಂದ ಅವರ ಸೂಜಿಯನ್ನು ಕೂಡಲೇ ನಿಲ್ಲಿಸತಕ್ಕದ್ದು.

"ನಿಲ್ಸಿದ್ರೆ ಮತ್ತೆ ದಪ್ಪ ಆಗ್ತಾರೆ, ಪ್ರೆಬೆನ್. ಸಕ್ಕರೆ ಮತ್ತೆ ಏರುತ್ತೆ."

"ಆಗ ರೋಗಿಗಳಾಗ್ತಾರಲ್ಲ! ಅರ್ಹತೆ ಬರುತ್ತೆ. ಆಮೇಲೆ ಧಾರಾಳವಾಗಿ ಕೊಡೋಣ."

"ಅಷ್ಟರಲ್ಲಿ ಊಫೆ ಕಾಲು ಹೋಗಿರುತ್ತೆ."

ಪ್ರೆಬೆನ್ ನಿಯಮಾವಳಿಯನ್ನು ತಿರುವಿ ಹಾಕಿದ. ಕೆಟ್ಟ ಮನುಷ್ಯನೇನಲ್ಲ, ಕಾಲಿನ ವಿಚಾರ ಎಲ್ಲಾದರೂ ಇದೆಯೇ ಎಂದು ನಿಜಕ್ಕೂ ಹುಡುಕಿದ. ಇರಲಿಲ್ಲ.

ಪರಿಸ್ಥಿತಿಯ ಗಾಂಭೀರ್ಯವನ್ನರಿತ ಪುರಸಭೆಯು 'ರೋಗಿ ಸಂವರ್ಧನಾ ಸಮಿತಿ'ಯನ್ನು ರಚಿಸಿತು. ಅಧ್ಯಕ್ಷೆ ಮೇಯರ್ ಬೋಡಿಲ್, ಮೀನುಗಾರರ ಮನೆತನದವಳು. ಮೇಜಿನ ಮೇಲೆ ಮೇಣದ ಬತ್ತಿ ಹಚ್ಚಿ, ಕಾಫಿ ಬಗ್ಗಿಸಿ, ಎಲ್ಲರೂ ಸೇರಿ ಒಂದು ಹಾಡು ಹಾಡಿದ ಮೇಲೆ ಅವಳು ವಿಷಯಕ್ಕೆ ಬಂದಳು.

"ಸಮುದ್ರದಲ್ಲಿ ಕಾಡ್ ಮೀನು ಖಾಲಿ ಆದಾಗ ನಾವೇನು ಅಳ್ತಾ ಕೂತ್ವಾ? ಹಿಡಿಯೋದು ನಿಲ್ಸಿದ್ವಿ, ಮರಿ ಬಿಟ್ವಿ, ಮೇವು ಹಾಕಿದ್ವಿ. ರೋಗಿಗಳೂ ಅಷ್ಟೇ. ಕೇಂದ್ರ ಮುಚ್ಚಿದ್ರೆ ನಮ್ಮೂರಲ್ಲಿ ಅರ್ಧ ಜನಕ್ಕೆ ಕೆಲಸ ಇಲ್ಲ."

"ಇವರು ಮೀನಲ್ಲ, ಬೋಡಿಲ್," ಎಂದಳು ಸೋಲ್ವೈ.

"ಅದಕ್ಕೇ ಸುಲಭ ಕಣೇ. ಕರೆದ್ರೆ ಬರ್ತಾರೆ."

ಮಾರನೆಯ ದಿನ ಬಂದರಿನ ಗೋಡೆಯ ಮೇಲೆ ಪ್ರಕಟಣೆ ಕಾಣಿಸಿತು:

'ದ್ವೀಪದ ಸಮಸ್ತ ನಾಗರಿಕರಿಗೆ ಈ ಮೂಲಕ ತಿಳಿಯಪಡಿಸುವುದೇನೆಂದರೆ, ಸಾರ್ವಜನಿಕ ಹಿತದೃಷ್ಟಿಯಿಂದ ಸೈಕಲ್ ದಾರಿಗಳನ್ನು ಮುಚ್ಚಲಾಗಿದೆ. ಪ್ರತಿ ಮನೆಗೆ ದಿನವೂ ದಾಲ್ಚಿನ್ನಿ ಸುರುಳಿಬ್ರೆಡ್ಡನ್ನು ಬೆಣ್ಣೆ ಸಹಿತ ತಲುಪಿಸಲಾಗುವುದು. ಒಂದೇ ಅಂತಸ್ತಿನ ಪುರಸಭಾ ಕಟ್ಟಡಕ್ಕೆ ಲಿಫ್ಟ್ ಅಳವಡಿಸಲಾಗುವುದು. ನಡೆಯಲೇಬೇಕಾದವರು ಮುಂಚಿತವಾಗಿ ಕಾರಣ ತಿಳಿಸತಕ್ಕದ್ದು.'

ದ್ವೀಪದವರು ಕಾನೂನು ಪಾಲಿಸುವ ಜನ. ಕೂಡಲೇ ಒಂದು ತೂಕ ಸಂಘ ಕಟ್ಟಿಕೊಂಡರು. ಸಂಘಕ್ಕೆ ಬಾವುಟ, ಉಪವಿಧಿ, ಒಬ್ಬ ಖಜಾಂಚಿ. ಆದರೆ ಸೋಲ್ವೈ ಇನ್ನೂ ಯಾರ ಸೂಜಿಯನ್ನೂ ನಿಲ್ಲಿಸಿರಲಿಲ್ಲ, ಮೈಯಲ್ಲಿ ಸಾಕು ಸೂಜಿ ಇದ್ದವರಿಗೆ ತಿನ್ನಲಾಗುತ್ತಿರಲಿಲ್ಲ. ಕಣ್ಣೀರು ಸುರಿಸುತ್ತ ಒಂದು ತುತ್ತು, ದೇಶವನ್ನು ನೆನೆದು ಇನ್ನೊಂದು ತುತ್ತು. ತೂಕ ಮಾತ್ರ ಏರಲಿಲ್ಲ.

ಊಫೆ ಮತ್ತೆ ಬಂದ. ಈ ಸಲ ಮೀನು ಇರಲಿಲ್ಲ, ಟೊಪ್ಪಿಗೆ ಕೈಯಲ್ಲಿತ್ತು.

"ಡಾಕ್ಟ್ರೇ, ನನ್ನ ಸೂಜಿ ನಿಲ್ಸಿಬಿಡಿ. ನಾನೇ ಮೊದಲು ರೋಗಿ ಆಗ್ತೀನಿ. ಬೋಡಿಲ್ ಹೇಳಿದ್ಳು, ಯಾರಾದ್ರೂ ಮುಂದೆ ಬರ್ಲೇಬೇಕು ಅಂತ."

"ನಿಮ್ಮ ಕಾಲು?"

"ಒಂದು ಕಾಲಿದ್ರೂ ದೋಣಿ ನಡೆಸ್ಬಹುದು. ಚುಕ್ಕಾಣಿ ಹಿಡಿಯೋದು ಕೈಯಲ್ಲಿ ಅಲ್ವಾ?" ಎಂದು ನಗಲು ನೋಡಿದ. ನಗು ಅರ್ಧಕ್ಕೇ ನಿಂತಿತು. "ಬಗ್ಗಿ ಲೇಸ್ ಕಟ್ಟೋದು ಮಾತ್ರ... ಅಭ್ಯಾಸ ಆಗ್ಬಿಟ್ಟಿತ್ತು."

ಸೋಲ್ವೈಗೆ ಸಿಟ್ಟು ಬಂತು. ಜೀವಮಾನದಲ್ಲಿ ಇಲಿ ಕಚ್ಚಿದಾಗಲೂ ಬಾರದಿದ್ದ ಸಿಟ್ಟು. "ಮನೆಗೆ ಹೋಗಿ ಊಫೆ. ಸೂಜಿ ನಿಲ್ಸಿದ್ರೆ ನಾನೇ ನಿಮ್ಮ ದೋಣಿ ಮುಳುಗಿಸ್ತೀನಿ," ಎಂದು ಬಾಗಿಲು ಹಾಕಿಕೊಂಡಳು.

ಸಂಶೋಧಕಿಯಾಗಿ ಅವಳು ಎಂದೂ ಮಾಡದ ಕೆಲಸವನ್ನು ಅಂದು ಮಾಡಿದಳು: ನಿಯಮಾವಳಿಯನ್ನು ಪೂರ್ತಿ ಓದಿದಳು. ಇಲಿಗಳ ಪಂಜರದ ಅಳತೆ, ಪೆನ್ಸಿಲ್ ಖರೀದಿ, ಪ್ರಯೋಗಾಲಯದಲ್ಲಿ ಶಿಳ್ಳೆ ಹೊಡೆಯುವ ಕುರಿತಾದ ನಿಷೇಧ ಎಲ್ಲವನ್ನೂ ದಾಟಿ, ದಾಸ್ತಾನು ವಿಭಾಗದಲ್ಲಿ ಬೆರಳು ನಿಂತಿತು. ಎದ್ದು ನೇರ ಸಮಿತಿಯ ಸಭೆಗೆ ನಡೆದಳು. ನಡೆಯುವ ಕಾರಣವನ್ನು ಯಾರಿಗೂ ಮುಂಚಿತವಾಗಿ ತಿಳಿಸಲಿಲ್ಲ.

"ಪ್ರೆಬೆನ್, ಗುಣ ಆದವರು ರೋಗಿಗಳಲ್ಲ, ಅಲ್ವಾ?"

"ಖಂಡಿತ ಅಲ್ಲ."

"ಮತ್ತೇನು ಅವರು?"

ಪ್ರೆಬೆನ್ ಯೋಚಿಸಿದ. "ಅವರು... ಫಲಿತಾಂಶ."

"ಸಂಶೋಧನೆಯ ಫಲಿತಾಂಶವನ್ನು ಮೂಲ ಸ್ಥಿತಿಯಲ್ಲೇ, ಯಾವ ಬದಲಾವಣೆಯೂ ಆಗದ ಹಾಗೆ ಕಾಪಾಡತಕ್ಕದ್ದು ಅಂತ ಇಲ್ಲಿದೆ. ಹಾಳಾದ್ರೆ ನಿರ್ದೇಶಕರೇ ಹೊಣೆ."

ಪ್ರೆಬೆನ್ ಎರಡು ಸಲ ಓದಿದ. ಅವನ ಕಣ್ಣುಗಳು ತೇವವಾದವು. ಅಷ್ಟು ಸ್ಪಷ್ಟವಾದ ನಿಯಮವನ್ನು ಅವನು ಬಹಳ ದಿನಗಳಿಂದ ಕಂಡಿರಲಿಲ್ಲ. ಊಫೆ ಮತ್ತಿತರ ಫಲಿತಾಂಶಗಳಿಗೆ ಸಂರಕ್ಷಣೆಯ ಖರ್ಚಿನಲ್ಲಿ ವಾರಕ್ಕೊಂದು ಸೂಜಿ ಕೊಡುವಂತೆ ಆ ಕ್ಷಣವೇ ಆದೇಶ ಹೊರಟಿತು. ಫಲಿತಾಂಶಗಳನ್ನು ಬಿಸಿಲಿಗೂ ತೇವಕ್ಕೂ ಒಡ್ಡಬಾರದೆಂಬ ಷರತ್ತನ್ನು, ಕಪ್ತಾನನ ವೃತ್ತಿಯನ್ನು ಗಮನದಲ್ಲಿಟ್ಟು ಸಡಿಲಿಸಲಾಯಿತು.

"ಅದೆಲ್ಲ ಸರಿ," ಎಂದಳು ಬೋಡಿಲ್, ಸುರುಳಿಬ್ರೆಡ್ಡಿನ ಬೆಣ್ಣೆ ಬೆರಳಿಂದ ನೆಕ್ಕುತ್ತ. "ನೂರು ರೋಗಿಗಳನ್ನ ಎಲ್ಲಿಂದ ತರೋಣ?"

ಸೋಲ್ವೈ ಮೇಜಿನ ಸುತ್ತ ಕಣ್ಣು ಹಾಯಿಸಿದಳು. ಸಮಿತಿ ಹುಟ್ಟಿದಾಗಿನಿಂದ ಸಭೆಗೆ ಬಿಡುವಿರಲಿಲ್ಲ. ನಾಗರಿಕರು ತಿನ್ನಲಾರದೆ ಹಿಂದಿರುಗಿಸಿದ ಬ್ರೆಡ್ಡೆಲ್ಲ ಇಲ್ಲಿಗೇ ಬರುತ್ತಿತ್ತು. ಉಪಸಮಿತಿಗಳಿದ್ದವು, ಮೇಲ್ವಿಚಾರಣಾ ಸಮಿತಿಯಿತ್ತು, ಲಿಫ್ಟ್ ಸಮಿತಿಯಿತ್ತು. ಕೇಂದ್ರದ ಸಿಬ್ಬಂದಿ ಪೂರ್ತಿ ಒಂದಲ್ಲ ಒಂದರಲ್ಲಿದ್ದರು. ಪ್ರೆಬೆನ್‌ನ ಅಂಗಿಯ ನಡುಗುಂಡಿ ಯಾವಾಗಲೋ ಹಾರಿಹೋಗಿತ್ತು.

"ಬೋಡಿಲ್, ಪ್ರೆಬೆನ್... ಕೈ ಕೊಡಿ. ಒಂದು ಹನಿ ರಕ್ತ ಬೇಕು," ಎಂದಳು.

ರೋಗಿಗಳನ್ನು ಎಣಿಸಲು ಮಾಪನಾಧಿಕಾರಿ ರಾಜಧಾನಿಯಿಂದ ಬಂದಾಗ, ಈಗ ರೋಗಿಗಳಾಗಿದ್ದ ಸಮಿತಿಗಳವರೆಲ್ಲ ಸೇರಿ ನೂರಕ್ಕೆ ಒಬ್ಬರಷ್ಟೇ ಕಡಿಮೆಯಿದ್ದರು. ದ್ವೀಪವಾಸಿಗಳಲ್ಲವಾದ್ದರಿಂದ ಅಧಿಕಾರಿ ಸ್ವತಃ ಅರ್ಹರಾಗಿದ್ದರೂ ಲೆಕ್ಕಕ್ಕೆ ಸಿಗಲಿಲ್ಲ. ಎಲ್ಲರ ಕಣ್ಣೂ ಸೋಲ್ವೈಯತ್ತ ತಿರುಗಿತು. ತಾನು ಆ ಸಭೆಗಳಿಗೆ ಪ್ರತಿಭಟನೆಗೆಂದೇ ಬರುತ್ತಿದ್ದುದಾಗಿ ಅವಳು ತಿಳಿಸಿದಳು. ಪ್ರತಿಭಟಿಸುತ್ತ ಏನು ತಿನ್ನುತ್ತಿದ್ದಿರಿ ಎಂದು ಅಧಿಕಾರಿ ವಿನಯದಿಂದ ಕೇಳಿದರು. ಅವಳು ತೂಕದ ಯಂತ್ರದ ಮೇಲೆ ಹತ್ತಿ ನಿಂತಳು. ರಕ್ತ ಕೊಟ್ಟಳು. ಅರ್ಹತೆ ಸಾಬೀತಾಯಿತು, ಚಪ್ಪಾಳೆ ಬಿತ್ತು.

ಕೇಂದ್ರವು ಈಗ ರೋಗಿಗಳ ವಿಷಯದಲ್ಲಿ ಸ್ವಾವಲಂಬನೆ ಸಾಧಿಸಿದೆ ಎಂದು ಸರ್ಕಾರ ಮೆಚ್ಚುಗೆ ಸೂಚಿಸಿತು. ಎರಡನೇ ಹಂತ ವಿಧಿವತ್ತಾಗಿ ಶುರುವಾಯಿತು. ಅರ್ಧ ಜನಕ್ಕೆ ಔಷಧ, ಇನ್ನರ್ಧಕ್ಕೆ ಬರೀ ಉಪ್ಪುನೀರು. ಯಾರಿಗೆ ಯಾವುದು ಎಂಬುದು ಯಾರಿಗೂ ತಿಳಿಯಕೂಡದು.

ಮೊದಲ ದಿನ ಸೋಲ್ವೈ ನಿರ್ದೇಶಕ, ಮೇಯರ್, ಲಿಫ್ಟ್ ಸಮಿತಿಯ ಹಿಂದೆ ಸಾಲಿನಲ್ಲಿ ನಿಂತಳು. ಸರದಿ ಬಂದಾಗ ಅಂಗಿಯ ತೋಳು ಮಡಚಿ, ದಾದಿಯ ಕಿವಿಯ ಬಳಿ ಬಗ್ಗಿದಳು.

"ಹಾನ್ನ, ನಿಜ ಹೇಳಮ್ಮ. ಇದು ಔಷಧವೋ, ನೀರೋ?"

"ನನಗೆ ಹೆಂಗೆ ಗೊತ್ತಾಗ್ಬೇಕು ಮೇಡಂ? ಕೇಳೋ ಹಾಗೂ ಇಲ್ಲ, ಹೇಳೋ ಹಾಗೂ ಇಲ್ಲ ಅಂತ ಪ್ರಯೋಗದ ಕ್ರಮ ಬರೆದೋರು ನೀವೇ ಅಲ್ವಾ?"

"ಹೌದು, ನಾನೇ. ಚೆನ್ನಾಗೇ ಬರ್ದಿದೀನಿ," ಎಂದಳು ಸೋಲ್ವೈ. ಸೂಜಿ ಚುಚ್ಚಿಸಿಕೊಂಡು, ತೋಳು ಉಜ್ಜಿಕೊಳ್ಳುತ್ತ ಕಿಟಕಿಯ ಪಕ್ಕದ ಬೆಂಚಿನಲ್ಲಿ ಇತರ ರೋಗಿಗಳ ನಡುವೆ ಕೂತು, ಹಸಿವಾಗುತ್ತದೆಯೋ ಇಲ್ಲವೋ ಎಂದು ಕಾಯತೊಡಗಿದಳು.