ಬಲಗಡೆಯ ಹತ್ತು ಆನೆಗಳು

ಮಗನನ್ನು ಹೊಗಳಿದರೆ ದೃಷ್ಟಿ ತಾಗುತ್ತದೆ ಎಂದು ನಂಬಿದ್ದ ಅಶ್ವತ್ಥಮ್ಮ, ನಲವತ್ತೊಂದು ವರ್ಷಗಳಿಂದ ನಂದೀಶನನ್ನು ಬಹಳ ಭದ್ರವಾಗಿ ಕಾಪಾಡಿಕೊಂಡು ಬಂದಿದ್ದರು. ಅವನು ಎಸ್ಸೆಸ್ಸೆಲ್ಸಿ ಪಾಸಾದಾಗ "ಊಂ" ಅಂದಿದ್ದರು. ದಾಸರಹಳ್ಳಿಯ ಮನೆಗೆ ಇನ್ನೊಂದು ಮಹಡಿ ಎಬ್ಬಿಸಿದಾಗ "ಮೆಟ್ಲು ಜಾಸ್ತಿ ಆದ್ವು" ಅಂದಿದ್ದರು. ಈ ವರಮಹಾಲಕ್ಷ್ಮಿ ಹಬ್ಬಕ್ಕೆ ಅಮ್ಮನ ಬಾಯಿಂದ ಒಂದು "ಸಕ್ಕತ್" ಹೊರಡಿಸದೆ ಬಿಡುವುದಿಲ್ಲ ಎಂದು ನಂದೀಶ ಭೀಷ್ಮಪ್ರತಿಜ್ಞೆ ಮಾಡಿದ.

ಅವನು ಪೀಣ್ಯದ ಲೇಸರ್ ಕಟಿಂಗ್ ಅಂಗಡಿಯಲ್ಲಿ ಡಿಸೈನರ್. ದೇವಿಯ ಹಿಂದೆ ನಿಲ್ಲಿಸಲು ಪ್ಲೈವುಡ್ಡಿನ ಪ್ರಭಾವಳಿ, ಅದರ ಮೇಲೆ ಆನೆಗಳ ಸಾಲು! ಚಿತ್ರ ಬರೆಯಲು ಮಾತ್ರ ಅವನಿಗೆ ಬಾರದು (ಹಿಂದೊಮ್ಮೆ ಅವನು ಬರೆದ ಆನೆಯನ್ನು ಅಂಗಡಿಯವರು ಸ್ಕೂಟರ್ ಎಂದುಕೊಂಡಿದ್ದರು). ಹೀಗಾಗಿ ಹೆಂಡತಿ ಆಶಾರಾಣಿ ಹಳೆ ಕ್ಯಾಲೆಂಡರಿನ ಹಿಂಬದಿಯಲ್ಲಿ ಒಂದು ಆನೆ ಬರೆದುಕೊಟ್ಟಳು.

ಆಮೇಲಿನದು ಕಂಪ್ಯೂಟರಿನ ಪವಾಡ. ಆ ಆನೆಯನ್ನು ಒಳಗೆ ಸೇರಿಸಿದ, ಕಮಾನಿನಂಥ ಒಂದು ಗೆರೆ ಎಳೆದ, ಗೆರೆಯುದ್ದಕ್ಕೂ ಇಪ್ಪತ್ತು ಬೇಕೆಂದು ಒತ್ತಿದ. ಕಣ್ಣು ಮಿಟುಕಿಸುವಷ್ಟರಲ್ಲಿ ಇಪ್ಪತ್ತು ಆನೆಗಳು ಅಳೆದಿಟ್ಟಂತೆ ಒಂದರ ಹಿಂದೊಂದು ನಿಂತವು. ಗೆರೆಯನ್ನು ಬಗ್ಗಿಸಿದರೆ ಅವೂ ಬಾಗಿದವು. ನಂದೀಶನಿಗೆ ಮೈ ಝುಂ ಎಂದಿತು. ಪರದೆಯ ಮೇಲೆ ಕಮಾನಿನ ನೆತ್ತಿಯನ್ನಷ್ಟೇ ದೊಡ್ಡದು ಮಾಡಿಕೊಂಡು ಅರ್ಧ ಗಂಟೆ ಕಣ್ತುಂಬಿಕೊಂಡ. ಮನೆಗೊಂದು, ಚಂದಾಪುರದ ತಂಗಿ ಕೃಪಾಳಿಗೊಂದು ಎಂದು ಎರಡು ಕತ್ತರಿಸಿ, ಹಬ್ಬದ ಹಿಂದಿನ ಸಂಜೆ ಬಸ್ಸಿನಲ್ಲಿ ಹೊತ್ತು ತಂದ.

"ರೀ, ಎಡಗಡೆಯವು ಮೇಲಕ್ಕೆ ಹತ್ತುತಾ ಇವೆ, ಸರಿ. ಬಲಗಡೆ ಹತ್ತೂ ಯಾಕ್ರೀ ತಲೆ ಕೆಳಗಾಗಿ ಬೀಳ್ತಾ ಇವೆ?" ಎಂದಳು ಆಶಾರಾಣಿ.

"ಗೆರೆ ಹೋದ ಕಡೆ ಹೋಗ್ತವೆ ಕಣೇ. ಅದೇ ಟೆಕ್ನಾಲಜಿ!"

"ಲಕ್ಷ್ಮಿಗೆ ಎರಡೂ ಕಡೆ ಆನೆ ಸೊಂಡಿಲೆತ್ತಿ ಎದುರುಬದುರು ನಿಲ್ಬೇಕು ತಾನೇ? ಅತ್ತೆ ನೋಡಿದ್ರೆ ಸುಮ್ನಿರ್ತಾರಾ?"

ಬೇರೆ ಕತ್ತರಿಸೋಣವೆಂದರೆ ಅಂಗಡಿಗೆ ಆಗಲೇ ಹಬ್ಬದ ಬೀಗ ಬಿದ್ದಿತ್ತು. ಅಷ್ಟರಲ್ಲಿ ಆಶಾರಾಣಿ ಗರಗಸ ತಂದು ಎರಡೂ ಪ್ರಭಾವಳಿಗಳನ್ನು ನೆತ್ತಿಯಲ್ಲಿ ಸರಿಯಾಗಿ ಎರಡೆರಡು ತುಂಡು ಮಾಡಿದಳು. "ಅಯ್ಯೋ!" ಎಂದು ಅವನು ಕೂಗಿಕೊಂಡರೂ ಕೇಳಲಿಲ್ಲ. ಎರಡು ಎಡಭಾಗಗಳಲ್ಲಿ ಒಂದನ್ನು ದೋಸೆ ಮಗುಚುವ ಹಾಗೆ ಮಗುಚಿ ಬಲಕ್ಕೆ ಜೋಡಿಸಿದಳು. ಎರಡೂ ಕಡೆಯಿಂದ ಆನೆಗಳು ಮೇಲೇರಿ ಸೊಂಡಿಲಿಗೆ ಸೊಂಡಿಲು ಕೊಟ್ಟವು. ಉಳಿದ ಬಲಭಾಗಗಳಲ್ಲೂ ಒಂದನ್ನು ಮಗುಚಿ ಎಡಕ್ಕೆ ಜೋಡಿಸಿದಳು. ಆ ಆನೆಗಳು ದೇವಿಯ ಪಾದದ ಕಡೆಗೆ ಭಕ್ತಿಯಿಂದ ಇಳಿದವು.

"ಇದು ಕೃಪಾಗೆ," ಎಂದು ಕೈ ಒರೆಸಿಕೊಂಡಳು. ಎಂಟು ವರ್ಷದಿಂದ ಕಂಪ್ಯೂಟರೊಂದನ್ನೇ ನಂಬಿದ್ದ ನಂದೀಶನಿಗೆ ಹೆಂಡತಿಯ ಮೇಲೆ ಎಲ್ಲಿಲ್ಲದ ಗೌರವ ಉಕ್ಕಿತು.

ಬೆಳಿಗ್ಗೆ ಅಶ್ವತ್ಥಮ್ಮ ದೇವಿಯ ಮುಂದೆ ನಿಂತವರು ನಿಂತೇ ಇದ್ದರು. "ಆನೆ ಬರ್ದೋರ್ಯಾರವ್ವ?"

"ನಾನೇ ಅತ್ತೆ."

"ಇಂಗೆ ಎದ್ರುಬದ್ರು ನಿಲ್ಸಿದ್ದು?"

"ಅದೂ ನಾನೇ."

ನಂದೀಶ ಕೆಮ್ಮಿದ. "ಅಮ್ಮಾ, ಸಾಲಾಗಿ ಜೋಡಿಸಿದ್ದು..."

"ಅದು ಕಂಪ್ಯೂಟ್ರು."

"ಕತ್ತರಿಸಿದ್ದು..."

"ಮಿಷಿನ್ನು. ನೀನೇನ್ಲಾ ಮಾಡ್ದೆ?"

"ಬಸ್ಸಲ್ಲಿ ಹೊತ್ಕೊಂಡು ಬಂದೆ," ಎಂದ, ಪೆಚ್ಚಾಗಿ.

ಅಶ್ವತ್ಥಮ್ಮ ಪ್ರಭಾವಳಿಯ ಮೇಲೆ ಕೈಯಾಡಿಸಿದರು. "ಒಂದ್ ಸೊಂಡ್ಲೂ ಮುರ್ದಿಲ್ಲ. ಸಕ್ಕತ್ತಾಗಿ ಹೊತ್ತಿದ್ದೀಯ ಕಣಪ್ಪ!"

ನಂದೀಶನ ಕಣ್ಣು ತುಂಬಿ ಬಂತು. ಅಮ್ಮ ಒಳಗಿನಿಂದ ಉಪ್ಪು, ಒಣಮೆಣಸಿನಕಾಯಿ ಹಿಡಿದು ಬಂದಾಗ ಅವನು ತಾನಾಗಿಯೇ ಪೂರ್ವಕ್ಕೆ ಮುಖ ಮಾಡಿ ಕೂತುಬಿಟ್ಟ.

"ನೀನ್ಯಾಕ್ಲಾ ಕೂತ್ಕಂಡೆ? ಏಳು, ಕೃಪಾದು ಹೊತ್ಕಂಡು ಚಂದಾಪುರದ ಬಸ್ ಹತ್ತು. ಆಶಾ, ಬಾರವ್ವ, ದೃಷ್ಟಿ ತೆಗಿತೀನಿ."